ದನಿ ದಾನ ಮಾಡಿ ಹೆದರಿದ್ದು

ಅದಕ್ಕೊಂದು ಹೆಸರಿದೆ. ಓಪನ್… ಓಪನ್ ಅನ್ನುವವರೆಗೆ ಬರುತ್ತದೆ, ಮುಂದಿನದು ಜಾರಿಹೋಗುತ್ತದೆ. ಹಾಂ, ಓಪನ್ ಸೋರ್ಸ್. ಎಲ್ಲೆಲ್ಲಿಯವರೋ ಸೇರಿ ಸಂಬಳವಿಲ್ಲದೆ ಕಟ್ಟುವ ಸಾಫ್ಟ್‌ವೇರ್. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ನಾನು ಅದಕ್ಕೆ ಕೈಹಾಕಿದ ಮೇಲೆ ನಮ್ಮಲ್ಲಿ ಯಾರಾದರೊಬ್ಬರು ಬೆಚ್ಚಿಬೀಳುವುದು ತಪ್ಪಿಲ್ಲ.

ಕಾರಣ ನನ್ನ ಗಂಟಲು. ಒಳಗೊಂದು ಗಡ್ಡೆ. ತೆಗೆದ ಮೇಲೆ ದನಿ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ನಾನು ಹುಟ್ಟಿದ್ದು ಬೀದರ ಕಡೆ, ಈಗಿರುವುದು ವರ್ತೂರಿನ ಅಪಾರ್ಟ್‌ಮೆಂಟಿನಲ್ಲಿ. ಆ ಕಡೆಯಿಂದ ತಂದದ್ದರಲ್ಲಿ ಉಳಿದಿರುವುದು ಈ ದನಿಯೊಂದೇ. ಅದೂ ಹೋದರೆ?

ಮೊಮ್ಮಗಳು ಪುಟ್ಟಿ ಹೇಳಿದಳು, "ಅಜ್ಜಿ, ಕಣ್ಣು ಕಾಣ್ದಿರೋರಿಗೆ ಫೋನಲ್ಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್ ಮಾಡ್ತಿದಾರೆ. ಕನ್ನಡ ದನಿ ಬೇಕಂತೆ. ಹೋಗೋಕ್ ಮುಂಚೆ ಕೊಟ್ಬಿಡು."

ಹೋಗುವುದು ದನಿಯೋ ನಾನೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಕಪಾಟು

ಅವರು ಕಳಿಸಿದ ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಬೇಕು. ಎಲ್ಲೋ ಕುಳಿತ ಅಪರಿಚಿತರು ಕೇಳಿ ಒಪ್ಪಬೇಕು. ನನ್ನ ಮೊದಲ ಕಂತು ವಾಪಸ್ ಬಂತು: "ಓದಿದ್ದು ಚೆನ್ನಾಗಿದೆ. ಕುಕ್ಕರ್ ಆಫ್ ಮಾಡಿ."

ಸದ್ದಿಲ್ಲದ ಜಾಗವೆಂದರೆ ಸೀರೆಯ ಕಪಾಟು. ಒಳಗೆ ಕೂತು ಬಾಗಿಲೆಳೆದುಕೊಂಡೆ. ಕತ್ತಲು, ನುಸಿಗುಳಿಗೆ ವಾಸನೆ. ಸತ್ತ ಮೇಲೆ ಹೀಗೇ ಇರುತ್ತದೇನೋ ಅನ್ನಿಸಿತು. ಕೆಲಸದಾಕೆ ಮಡಿಸಿದ ಬಟ್ಟೆ ಇಡಲು ಬಂದು ಬಾಗಿಲು ತೆಗೆದಳು. ಆಗ ನಾನು ಓದುತ್ತಿದ್ದ ವಾಕ್ಯ: "ನೀವು ಬರುವಿರೆಂದು ಬಹಳ ಹೊತ್ತಿನಿಂದ ಕಾಯುತ್ತಿದ್ದೇನೆ."

ಅವಳ ಕಿರುಚು ರೆಕಾರ್ಡಾಯಿತು. ಮರುದಿನ ಕೊರಳಿಗೆ ತಾಯತ ಕಟ್ಟಿಕೊಂಡು ಬಂದಳು. "ಇನ್ಮ್ಯಾಕೆ ನಿಮ್ ಬಟ್ಟೆ ನೀವೇ ಮಡಿಕ್ಕಳಿ ಅಮ್ಮಾ. ಎಂಗಿದ್ರೂ ಒಳಗೇ ಇರ್ತೀರಲ್ಲ."

ಛತ್ರಿ

ಒಮ್ಮೆ ಕೊಟ್ಟ ದನಿಯನ್ನು ವಾಪಸ್ ಪಡೆಯಲಾಗದು, ಯಾರು ಬೇಕಾದರೂ ಬಳಸಬಹುದು ಎಂದು ತಿಳಿದ ದಿನ ನನ್ನ ಯಜಮಾನರಿಗೆ ಊಟ ಸೇರಲಿಲ್ಲ. "ಕಳ್ಳರು ನಿನ್ನ ದನಿಯೊಳಗ ಫೋನ್ ಮಾಡಿ ಬ್ಯಾಂಕಿನ ರೊಕ್ಕ ಎಲ್ಲಾ ಬಳ್ಕೊಂಡು ಹೋಗ್ತಾರ" ಎಂದರು. ಅಂದಿನಿಂದ ನಾನು ಫೋನ್ ಮಾಡಿದರೆ ಮೊದಲು ಪರೀಕ್ಷೆ.

ಒಂದು ಸಂಜೆ ತರಕಾರಿ ಅಂಗಡಿಯಲ್ಲಿ ಮಳೆಗೆ ಸಿಕ್ಕಿಬಿದ್ದೆ. "ರೀ, ಛತ್ರಿ ತಗೊಂಡು ಬರ್ರಿ."

"ನಮ್ಮ ಮದುವ್ಯಾಗ ಸಿಹಿ ಏನಿತ್ತು?"

"ಹುಗ್ಗಿ."

"ಅಲ್ಲ, ಬೂಂದಿ. ಕಳ್ಳಿ, ಫೋನ್ ಇಡು!"

ತೊಯ್ದು ತೊಪ್ಪೆಯಾಗಿ ಮನೆಗೆ ಬಂದೆ. ನಾನು ನಾನೇ ಎಂದು ಈಗ ಒಪ್ಪಿದ್ದಾರೆ, ಹುಗ್ಗಿಯನ್ನು ಒಪ್ಪಿಲ್ಲ.

ಕೆಳಗಿನ ಮನೆ

ಆಪರೇಷನ್ನಿಗೆ ಮುಂಚೆಯೇ ಸಾಫ್ಟ್‌ವೇರ್ ಸಿದ್ಧವಾಯಿತು. ಕೆಳಗಿನ ಮನೆಯ ನಿವೃತ್ತ ಕಾರ್ಖಾನೆ ನೌಕರರಿಗೆ ಕಣ್ಣು ಮಂಜು. ಮೊದಲು ಹಾಕಿಸಿಕೊಂಡವರು ಅವರೇ. ಅವರಿಗೆ ಬಂದ ಮೆಸೇಜುಗಳನ್ನೆಲ್ಲ ನನ್ನ ದನಿ ಓದತೊಡಗಿತು. ಒಂದು ದಿನ ಅವರ ಹೆಂಡತಿ ನಮ್ಮ ಬಾಗಿಲಿಗೆ ಬಂದರು. ಜಗಳಕ್ಕೇ ಬಂದರೆಂದುಕೊಂಡೆ.

"ಹಾಗಲಕಾಯಿ ಪಲ್ಯ ತಿನ್ನಿ ಅಂತ ಮೆಸೇಜ್ ಹಾಕ್ದೆ ಕಣ್ರೀ. ನಿಮ್ಮ ದನೀಲಿ ಕೇಳಿ ತೆಪ್ಪಗೆ ತಿಂದ್ರು. ಇನ್ಮೇಲೆ ನಾನು ಬಾಯಿ ಬಿಡೋದೇ ಇಲ್ಲ!"

ಆಸ್ಪತ್ರೆ

ದನಿ ಹೋದರೆ ಟೈಪ್ ಮಾಡಿ ಮಾತಾಡಲೆಂದು ಮೊಮ್ಮಗಳು ನನ್ನ ಫೋನಿಗೂ ಆ ಸಾಫ್ಟ್‌ವೇರ್ ಹಾಕಿದ್ದಳು. ಫೋನನ್ನು ದಿಂಬಿನ ಪಕ್ಕದಲ್ಲಿಟ್ಟಿದ್ದಳು.

ಆಪರೇಷನ್ ಆಗಿ ಎಚ್ಚರವಾಯಿತು. ಕಣ್ಣು ತೆರೆಯಲಿಲ್ಲ. ತೆರೆದರೆ ಮಾತಾಡಿಸುತ್ತಾರೆ. ಬಾಯಿ ತೆರೆದು ಏನೂ ಬರದಿದ್ದರೆ? ಪಕ್ಕದಲ್ಲಿ ಯಜಮಾನರೂ ಹೆದರಿ, ಮಾತಾಡಿಸದೆ ಕೂತಿದ್ದರು. ಅವರ ಉಸಿರು ಕೇಳುತ್ತಿತ್ತು.

ಅಷ್ಟರಲ್ಲಿ ಹಾಸಿಗೆಯಿಂದ ನನ್ನ ದನಿ ಖಣಖಣ ಬಂತು: "ನಮಸ್ಕಾರ. ಇಂದು ನೀರಿನ ಟ್ಯಾಂಕರ್ ಬರುವುದಿಲ್ಲ. ದಯವಿಟ್ಟು ನೀರನ್ನು ಮಿತವಾಗಿ ಬಳಸಿ."

ಅಪಾರ್ಟ್‌ಮೆಂಟ್ ಗ್ರೂಪಿನ ಮೆಸೇಜು, ಫೋನ್ ತಾನೇ ಓದಿತ್ತು. ಯಜಮಾನರು ಕುರ್ಚಿ ಕೆಡವಿ ಓಡಿಹೋಗಿ ಡಾಕ್ಟರನ್ನು ಕರೆತಂದರು. "ಡಾಕ್ಟ್ರೇ, ದನಿ ಬಂತ್ರೀ! ಮಾತಾಡಿದ್ಲು!"

"ಹೌದಾ! ಏನಂದ್ರು?"

"ಟ್ಯಾಂಕರ್ ಬರಂಗಿಲ್ಲ ಅಂದ್ಲು!"

ಡಾಕ್ಟರು ನರ್ಸಿಗೆ ಮೆಲ್ಲಗೆ, "ಮತ್ತಿನ ಔಷಧಿ ಎಷ್ಟು ಕೊಟ್ರಿ?" ಎಂದರು.

ನಗು ತಡೆಯಲಾಗಲಿಲ್ಲ. ಕಣ್ಣು ಬಿಟ್ಟು ನಕ್ಕಾಗ ಗಂಟಲಿಂದ ಏನೋ ಹೊರಬಂತು. ಒಡಕು, ಸಣ್ಣದು, ಆದರೆ ಫೋನಿನದಲ್ಲ. ಡಾಕ್ಟರು ಬಗ್ಗಿದರು. "ಅಮ್ಮಾ, ಏನಾದ್ರೂ ಒಂದು ಮಾತು ಹೇಳಿ ನೋಡೋಣ."

ನಾನು ಯಜಮಾನರತ್ತ ತಿರುಗಿದೆ. "ಡ್ರಮ್ಮಿನ್ಯಾಗ ನೀರು ತುಂಬಿಸಿ ಬಂದೀರೇನ್ರಿ?"

ಬರ್ಕೊಳ್ಳೇ ಪುಟ್ಟಿ. ಇದು ನಾನೇ ಹೇಳಿದ್ದು, ಫೋನಲ್ಲ.