ಬದಲಿ ಬೆನ್ನು

ಗಡಿಯಾರ ರಿಪೇರಿಯವನ ಮೊಬೈಲಿಗೆ ಬೆಳಿಗ್ಗೆ ಬಂದ ಸಂದೇಶ ಚಿಕ್ಕದು: 'ಇಂದು ಹನ್ನೊಂದಕ್ಕೆ ಚರ್ಮದ ಆಸ್ಪತ್ರೆಗೆ ಬನ್ನಿ. ಬೆನ್ನಿನ ಹನ್ನೆರಡನೆಯ ಮಚ್ಚೆಯನ್ನು ಹೋಲಿಸಿ ನೋಡಬೇಕಾಗಿದೆ.'

ಆರು ತಿಂಗಳ ಹಿಂದೆ ಹೆಂಡತಿಯ ಒತ್ತಾಯಕ್ಕೆ ಮಣಿದು ಅಲ್ಲಿ ಬೆನ್ನಿನ ಫೋಟೋ ತೆಗೆಸಿಕೊಂಡಿದ್ದ. ಕ್ಯಾನ್ಸರಿನ ಗುಮಾನಿಯಿರುವ ಮಚ್ಚೆ ಬೆಳೆದಿದೆಯೇ ಎಂದು ಕಂಪ್ಯೂಟರು ಹಳೆಯ ಚಿತ್ರಕ್ಕೆ ಹೊಸದನ್ನು ಹೊಂದಿಸಿ ಹೇಳುವುದಂತೆ. ಜೀವಮಾನವಿಡೀ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಪರರ ಗಡಿಯಾರಗಳ ಹೊಟ್ಟೆಯೊಳಗೆ ಇಣುಕಿದವನಿಗೆ, ಇನ್ನೊಂದು ಮಸೂರ ತನ್ನನ್ನು ಇಣುಕುವುದೆಂದರೆ ಎದೆಯೆಲ್ಲ ನಗಾರಿ.

ಪಕ್ಕದಂಗಡಿಯ ದರ್ಜಿ ಸಂದೇಶ ಓದಿ ಕತ್ತರಿ ಕೆಳಗಿಟ್ಟ. "ಹೋಲಿಸಿ ನೋಡೋದಾ? ನಾನೂ ಅಷ್ಟೇ ಕಣಯ್ಯಾ. ಮೊದಲು ಹೋಲಿಸಿ ನೋಡ್ತೀನಿ, ಆಮೇಲೆ ಕತ್ತರಿಸ್ತೀನಿ."

ಅಷ್ಟು ಸಾಕಾಯಿತು. ಅಂಗಡಿಗೆ ಬೀಗ ಜಡಿದು ಅವನು ಓಡಿದ್ದು ಏಳು ನಿಮಿಷ ಮೊದಲು ಹುಟ್ಟಿದ ಅವಳಿ ಅಣ್ಣನ ಬಳಿಗೆ. ಅಣ್ಣ ಶಾಲೆಯ ಡ್ರಿಲ್ ಮೇಷ್ಟ್ರು. ಮೂವತ್ತು ವರ್ಷ ಬಿಸಿಲನ್ನೇ ಹೊದ್ದು ನಿಂತವನು. ಮುಖ, ಮೂಗು, ಬೊಕ್ಕತಲೆ, ಎಲ್ಲವೂ ಇಬ್ಬರದೂ ಒಂದೇ.

"ಅಣ್ಣಾ, ನನ್ನ ಬದಲು ನೀನು ಹೋಗಿ ಮಲಗ್ಬಿಡು. 'ಏನೂ ಇಲ್ಲ' ಅಂತ ಒಂದು ಚೀಟಿ ಸಿಕ್ಕಿದ್ರೆ ನನ್ನ ಮನೆಯವಳು ಸುಮ್ಮನಾಗ್ತಾಳೆ."

"ಲೋ ಮಂಕೇ, ನಾನು ಉಂಡ್ರೆ ನಿನ್ನ ಹೊಟ್ಟೆ ತುಂಬತ್ತೇನೋ?"

"ಹೊಟ್ಟೆ ತುಂಬೋದು ಬೇಡಣ್ಣಾ, ಚೀಟಿ ಸಾಕು."

ತಮ್ಮನ ಕಣ್ಣಲ್ಲಿ ನೀರಾಡಿದ್ದನ್ನು ಕಂಡು ಅಣ್ಣ ಕರಗಿದ.

ಆಸ್ಪತ್ರೆಯಲ್ಲಿ ಗಡಿಯಾರದವನು ಅರೆತೆರೆದ ಬಾಗಿಲಿನೆದುರು ಪತ್ರಿಕೆಯ ಮರೆಯಲ್ಲಿ ಕುಳಿತ. ಒಳಗೆ ಅಣ್ಣ ಅಂಗಿ ಕಳಚಿ ಬೋರಲಾಗಿ ಮಲಗಿದ್ದ. ಕ್ಯಾಮೆರಾ ಸದ್ದಿಲ್ಲದೆ ಸರಿಯಿತು. ಪರದೆಯ ಮೇಲೆ ಆ ಬೆನ್ನು ಮೋಡವಿಲ್ಲದ ಇರುಳಿನ ಆಕಾಶದಂತೆ ತೆರೆದುಕೊಂಡಿತು. ಐವತ್ತೆರಡು ವರ್ಷ ಜೊತೆಗೆ ಬದುಕಿಯೂ ತಾನು ಒಮ್ಮೆಯೂ ಸರಿಯಾಗಿ ನೋಡದಿದ್ದ ಬೆನ್ನು! ಒಂದೊಂದು ಚುಕ್ಕೆಯನ್ನೂ ಕಂಪ್ಯೂಟರು ಹೆಸರು ಹಿಡಿದು ಕೂಗಿದಂತೆ ನಿಲ್ಲಿಸಿ, ಅದರ ಅಂಚನ್ನೂ ಬಣ್ಣವನ್ನೂ ಅಳೆಯುತ್ತಿತ್ತು. ಗಡಿಯಾರದವನು ಭಯ ಮರೆತು ಬೆರಗಾದ. ಕೂದಲೆಳೆಯಂಥ ಸ್ಪ್ರಿಂಗುಗಳಲ್ಲಿ ಪಳಗಿದ ಕಣ್ಣಿಗೆ ಇನ್ನೊಂದು ಪಳಗಿದ ಕಣ್ಣಿನ ಗುರುತು ಹತ್ತದಿರುವುದೇ? ಪತ್ರಿಕೆ ಮಡಿಲಿಗೆ ಜಾರಿದ್ದೇ ಅವನಿಗೆ ತಿಳಿಯಲಿಲ್ಲ.

"ಏನ್ರೀ ಇದು!" ವೈದ್ಯೆ ಪರದೆಗೆ ಮುಖ ತಂದರು. "ಹಳೇ ಮೂವತ್ತೊಂದು ಮಚ್ಚೇಲಿ ಒಂದೂ ಇಲ್ಲ. ಹೊಸದು ನಲವತ್ನಾಲ್ಕು! ಬೆನ್ನನ್ನೇನು ಡ್ರೈಕ್ಲೀನಿಗೆ ಕೊಟ್ಟಿದ್ರಾ?"

"ಬೆವರಲ್ಲಿ ತೊಳೆದುಹೋಗಿರ್ಬೇಕು, ಡಾಕ್ಟ್ರೇ," ಎಂದ ಅಣ್ಣ.

ವೈದ್ಯೆ ಬಾಗಿಲತ್ತ ತಿರುಗಿದರು. ಮಂಚದ ಮೇಲಿದ್ದ ಮುಖವೇ ಅಲ್ಲೂ ಬಾಯಿ ತೆರೆದು ಕುಳಿತಿತ್ತು.

"ಹೆತ್ತ ತಾಯಿ ಕಣ್ಣಿಗೆ ಮಣ್ಣೆರಚಬಹುದು, ಇದರ ಕಣ್ಣಿಗೆ ಆಗಲ್ಲ. ಬನ್ನಿ ಒಳಗೆ. ಅಂಗಿ ತೆಗೀರಿ!"

ಪಕ್ಕದ ಮಂಚದ ಮೇಲೆ ಎರಡೇ ನಿಮಿಷ. ಹನ್ನೆರಡನೆಯ ಮಚ್ಚೆ ಒಂದು ಕೂದಲಿನಷ್ಟೂ ಬೆಳೆದಿರಲಿಲ್ಲ. "ಇನ್ನು ವರ್ಷಕ್ಕೊಂದು ಸಲ ಬಂದ್ರೆ ಸಾಕು," ಎಂದರು ವೈದ್ಯೆ. ಗಡಿಯಾರದವನ ಎದೆಯಿಂದ ಬಂಡೆ ಇಳಿಯಿತು.

"ಅಣ್ಣನೋರೇ, ನೀವು ಮಾತ್ರ ಏಳ್ಬೇಡಿ."

ಅಣ್ಣನ ಎಡಹೆಗಲಿನ ಎಳ್ಳಿನಷ್ಟು ಚುಕ್ಕೆಯೊಂದಕ್ಕೆ ಕಂಪ್ಯೂಟರು ಕೆಂಪು ಉಂಗುರ ತೊಡಿಸಿತ್ತು. ವೈದ್ಯೆ ಮಸೂರ ಹಿಡಿದು ಬಹಳ ಹೊತ್ತು ನೋಡಿದರು. "ಇದಕ್ಕೂ ಅನುಮಾನ, ನನಗೂ ಅನುಮಾನ. ತೆಗೆದು ಪರೀಕ್ಷೆಗೆ ಕಳಿಸೋಣ."

ಹತ್ತು ದಿನಕ್ಕೆ ಫಲಿತಾಂಶ ಬಂತು. ಕೇಳಲು ಇಬ್ಬರೂ ಆಸ್ಪತ್ರೆಗೆ ಬಂದು ವೈದ್ಯೆಯ ಎದುರು ಕುಳಿತರು. ಕ್ಯಾನ್ಸರೇ. ಆದರೆ ಬೇರಿಳಿಸುವ ಮೊದಲೇ, ಚರ್ಮದ ಮೇಲ್ಪದರದಲ್ಲೇ ಸಿಕ್ಕಿಬಿದ್ದಿತ್ತು. ಸುತ್ತ ಇನ್ನೊಂದಿಷ್ಟು ತೆಗೆದರೆ ಮುಗಿಯಿತು ಎಂದರು ವೈದ್ಯೆ. ಅಣ್ಣ ಅಲ್ಲೇ ತಮ್ಮನನ್ನು ಬಾಚಿ ತಬ್ಬಿಕೊಂಡ. "ನೀನು ಹೇಡಿಯಾಗಿದ್ದಕ್ಕೆ ನಾನು ಉಳ್ಕೊಂಡೆ ಕಣೋ!"

ತಮ್ಮ ಕಣ್ಣೊರೆಸಿಕೊಳ್ಳುತ್ತ ಮೇಲೆದ್ದ.

"ನೀವೆಲ್ಲಿಗೆ ಹೊರಟ್ರಿ?" ಎಂದರು ವೈದ್ಯೆ. "ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದ್ರೆ ಇನ್ನೊಬ್ಬರಿಗೂ ಅಪಾಯ ಜಾಸ್ತಿ. ವರ್ಷಕ್ಕೊಂದು ಸಲ ಅಂದಿದ್ನಲ್ಲ, ಅದನ್ನ ಮರೀರಿ. ಇನ್ಮೇಲೆ ಮೂರು ತಿಂಗಳಿಗೊಮ್ಮೆ. ಬೆನ್ನೊಂದೇ ಅಲ್ಲ, ನೆತ್ತಿಯಿಂದ ಅಂಗಾಲಿನ ತನಕ."

ಬೆನ್ನೊಂದನ್ನು ಬಚ್ಚಿಡಲು ಹೋದವನು ಇಡೀ ಮೈಯನ್ನೇ ಒಪ್ಪಿಸಿ ಕುಳಿತಿದ್ದ.

"ಇವನನ್ನ ಕರ್ಕೊಂಡು ಬರೋ ಜವಾಬ್ದಾರಿ ನಂದು, ಡಾಕ್ಟ್ರೇ," ಎಂದ ಅಣ್ಣ, ತಮ್ಮನ ರಟ್ಟೆಯನ್ನು ಉಡದ ಪಟ್ಟಿನಲ್ಲಿ ಹಿಡಿದು.