ಸಿಡಿದ ಮೇಲಿನ ಶಾಂತಿ

ಎಲ್ಲಕ್ಕೂ ಕಾರಣ ಒಂದು ಸಹಿ. ಧಾರವಾಡದಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಮುಂದೆ ಕೂತು ನ್ಯೂಟ್ರಾನ್ ನಕ್ಷತ್ರಗಳ ಬೆನ್ನು ಹತ್ತಿದ್ದ ಮಾಲತೇಶನ ಪ್ರಬಂಧ ಆ ಸಂಜೆಯೊಳಗೆ ಸಲ್ಲಿಕೆಯಾಗಬೇಕಿತ್ತು. ಆಗದಿದ್ದರೆ ಗದುಗಿನ ಕಾಲೇಜಿನವರು ಅವನಿಗೆಂದು ಕಾದಿಟ್ಟ ಉಪನ್ಯಾಸಕನ ಹುದ್ದೆ ಬೇರೆಯವರ ಪಾಲು. ಸಹಿ ಹಾಕಬೇಕಾದವರು ಮಾರ್ಗದರ್ಶಕ ಸಿದ್ದಲಿಂಗಪ್ಪ ಸರ್. ಅವರ ಸಿಟ್ಟಿಗೆ ವಿಭಾಗದ ಗೋಡೆಯ ಹಲ್ಲಿಗಳೂ ಹೆದರುತ್ತಿದ್ದವು. ಒಂದು ವಾರದಿಂದ ಅವರು ಯಾರ ಮೇಲೂ ಸಿಟ್ಟಾಗಿರಲಿಲ್ಲ ಎಂಬುದೇ ಮಾಲತೇಶನ ಚಿಂತೆ.

ಅವನ ನಕ್ಷತ್ರದ ಸ್ವಭಾವವೂ ಅದೇ. ಪಕ್ಕದ ನಕ್ಷತ್ರದಿಂದ ಅನಿಲ ಎಳೆದು ಮೈಮೇಲೆ ಪೇರಿಸಿಕೊಳ್ಳುತ್ತದೆ, ತಡೆಯಲಾರದಾದಾಗ ಸಿಡಿದು ಎಕ್ಸ್-ಕಿರಣ ಕಾರುತ್ತದೆ, ಮತ್ತೆ ತಾಸುಗಟ್ಟಲೆ ತಣ್ಣಗಿರುತ್ತದೆ. ಆ ಸಿಡಿತಗಳಿಂದಲೇ ನಕ್ಷತ್ರದ ತೂಕ, ಗಾತ್ರ ಅಂದಾಜು ಮಾಡುವ ಸಂಖ್ಯಾಶಾಸ್ತ್ರದ ಮಾದರಿ ಅವನದು.

"ಸರ್ ಒಮ್ಮೆ ಸಿಡದ್ರ ಆತು, ಆಮ್ಯಾಲ ಸಂಜೀತನಕ ತಣ್ಣಗಿರ್ತಾರ" ಎಂದ ಮಾಲತೇಶ.

ಜೊತೆಯ ಸಂಶೋಧಕಿ ಇಂದುವಿಗೆ ಈ ಸಿದ್ಧಾಂತ ಬಹಳ ಹಿಡಿಸಿತು. ಹಾಗಾದರೆ ಬೇರೆ ಯಾರ ಮೇಲಾದರೂ ಸಿಡಿಸಿಬಿಡೋಣ ಎಂದಳು.

ವಿಭಾಗದ ಸಿಪಾಯಿ ಸೋಮಪ್ಪ ಒಪ್ಪಿದ. ನಿವೃತ್ತಿಗೆ ಬಂದವನಿಗೆ ಬೈಸಿಕೊಳ್ಳುವುದು ಹೊಸದಲ್ಲ. ಮೊದಲು ಆರಿದ ಚಹಾ ಕೊಟ್ಟ. ಸರ್ ಮಾತಿಲ್ಲದೆ ಕುಡಿದರು. ಇಂದುವೇ ಹೋಗಿ ಫ್ಯಾನ್ ಜೋರು ಮಾಡಿ ಬಂದಳು. ಹಾರಿದ ಹಾಳೆಗಳನ್ನು ಸರ್ ತಾವೇ ಒಂದೊಂದಾಗಿ ಆಯ್ದುಕೊಂಡರು. ಮಾಲತೇಶ ಬೆವತ. ತಡವಾದಷ್ಟೂ ಸಿಡಿತ ದೊಡ್ಡದು ಎಂದು ಪ್ರಬಂಧದಲ್ಲಿ ತಾನೇ ಬರೆದಿದ್ದ.

ಕೊನೆಗೆ ಸರ್ ಅವರ ಸ್ಕೂಟರಿನ ಗಾಳಿ ಬಿಟ್ಟ ಸೋಮಪ್ಪ, ತಾನೇ ಒಳಗೆ ಹೋಗಿ ಸುದ್ದಿ ಹೇಳಿದ. ಸರ್ ಸಿಡಿದರು. ಬೈಗುಳ ರಸಾಯನಶಾಸ್ತ್ರ ವಿಭಾಗದವರೆಗೂ ಕೇಳಿಸಿತು. ಸೋಮಪ್ಪ ಮುಖ ಒರೆಸಿಕೊಳ್ಳುತ್ತ ಹೊರಬಂದು, "ಲಗೂ ಹೋಗ್ರಿ, ಎಲ್ಲಾ ಖಾಲಿ ಆಗೇತಿ" ಎಂದ.

ಒಳಗೆ ಸರ್ ನಿಜಕ್ಕೂ ತಣ್ಣಗಿದ್ದರು. ಕೂಡಲು ಹೇಳಿ ಪೆನ್ನಿನ ಟೊಪ್ಪಿಗೆ ತೆಗೆದರು. ಸಹಿಗೆ ಮೊದಲು ನಾಲ್ಕಾರು ಹಾಳೆ ತಿರುವಿ, ಒಂದೆಡೆ ಬೆರಳಿಟ್ಟರು.

"ಈ ನಕ್ಷತ್ರ ಒಮ್ಮೆ ಸಿಡದು, ಹತ್ತ ನಿಮಿಷಕ್ಕ ಮತ್ತ ಸಿಡದೇತಿ. ಅದನ್ನ ಲೆಕ್ಕದಾಗಿಂದ ಯಾಕ ತಗದಿ?"

"ಅದು ಉಪಕರಣದ ತಪ್ಪಿರಬೇಕ್ರಿ ಸರ್. ಒಮ್ಮೆ ಸಿಡದ ಮ್ಯಾಲ ಸುಡಾಕ ಏನೂ ಉಳದಿರೂದಿಲ್ರಿ."

"ಉಳದಿರೂದಿಲ್ಲ ಅಂತ ನಿನಗ ಯಾರ್ ಹೇಳಿದ್ರು?" ಸರ್ ಮೆಲ್ಲಗೆ ಕೇಳಿದರು.

ಎರಡನೆಯ ಸಿಡಿತ ಮೊದಲಿನದಕ್ಕಿಂತ ಸಣ್ಣದೇ. ರಸಾಯನಶಾಸ್ತ್ರದವರೆಗೆ ಹೋಗಲಿಲ್ಲ. ಆದರೆ ಸಹಿಯ ಜಾಗ ಖಾಲಿ ಉಳಿಯಲು ಅಷ್ಟು ಸಾಕಾಯಿತು. ಬಿಟ್ಟ ಸಿಡಿತಗಳನ್ನೆಲ್ಲ ಸೇರಿಸಿ ಲೆಕ್ಕ ಮೊದಲಿನಿಂದ ಮಾಡು ಎಂದು ಪ್ರಬಂಧ ಮರಳಿ ಕೈಗೆ ಬಂತು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಪ್ರಬಂಧ ಸ್ವೀಕರಿಸುವ ಕಚೇರಿ ಬಾಗಿಲು ಹಾಕುವ ಹೊತ್ತಿಗೆ ಸರ್ ಅವರ ಸ್ಕೂಟರನ್ನು ಮಾಲತೇಶ ಗಾಳಿ ತುಂಬಿಸಲು ತಳ್ಳಿಕೊಂಡು ಹೋಗುತ್ತಿದ್ದ.