ಕಣ್ಣು ದಪ್ಪಗಾದ ದಿನ

ಆಗ ನಾನು ಫ್ರೇಜರ್ ಟೌನಿನ ಒಂದು ಕಣ್ಣಾಸ್ಪತ್ರೆಯಲ್ಲಿ ಮಕ್ಕಳ ಕಣ್ಣು ಅಳೆಯುತ್ತಿದ್ದೆ. ಅಲ್ಲಿ ವಾರಕ್ಕೊಂದು ಗೊಂದಲ ಗ್ಯಾರಂಟಿ. ಎಲ್ಲಕ್ಕೂ ತಾಯಂದಿರೇ ಕಾರಣ ಎಂದು ಬಹಳ ದಿನ ನಂಬಿಕೊಂಡಿದ್ದೆ. ಆ ನಂಬಿಕೆ ಬಿಡಿಸಿದವರು ಯಾದಗಿರಿ ಕಡೆಯ ಒಬ್ಬ ತಾಯಿ. ಗರುಡಾಚಾರ್‌ಪಾಳ್ಯದ ಬಾಡಿಗೆ ರೂಮಿನಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದರು. ಅವರ ಎರಡು ವರ್ಷದ ಮಗಳಿಗೆ ಎಡಗಣ್ಣಿನಲ್ಲಿ ಹುಟ್ಟುವಾಗಲೇ ಪೊರೆ ಇತ್ತು. ಆಪರೇಷನ್ ಮಾಡಿ, ಆ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟಿದ್ದೆವು.

೧. ಪಟ್ಟಿ

ಎಡಗಣ್ಣು ನೋಡುವುದನ್ನು ಕಲಿಯಲಿ ಎಂದು ಬಲಗಣ್ಣಿಗೆ ದಿನಾ ಸ್ವಲ್ಪ ಹೊತ್ತು ಪಟ್ಟಿ ಅಂಟಿಸಲು ಹೇಳಿದ್ದೆ. ಮುಂದಿನ ಸಲ ಬಂದಾಗ ಪಟ್ಟಿ ಎಡಗಣ್ಣಿನ ಮೇಲಿತ್ತು.

"ಏನಮ್ಮಾ ಇದು? ಚೆನ್ನಾಗಿರೋ ಕಣ್ಣು ಮುಚ್ಚಿ ಅಂದಿದ್ದೆ."

"ಛಲೋ ಇದ್ದದ್ದು ಯಾಕ ಮುಚ್ಚಬೇಕ್ರಿ ಸರ? ಆಪರೇಷನ್ ಆದದ್ದು ಇದಕ್ಕ. ಆರಾಮ ಬೇಕಲ್ರಿ."

ಕಾಲು ಗಂಟೆ ವಿವರಿಸಿದೆ. ಅವರು ತಲೆಯಾಡಿಸಿ ಹೊರಗೆ ಹೋದರು. ಬಾಗಿಲಲ್ಲಿದ್ದ ಆಯಾ ಹತ್ತಿರ ಹೇಳುತ್ತಿದ್ದುದು ಕೇಳಿಸಿತು: "ಯಾವ ಕಣ್ಣಿಗೆ ಆಪರೇಷನ್ ಆಗ್ಯಾದಂತ ಸರಗ ನೆನಪಿಲ್ಲ ಕಾಣಸ್ತದ, ಪಾಪ."

೨. ಡಬ್ಬಿ

ಅದರ ಮುಂದಿನ ಸಲ ಪಟ್ಟಿ ಸರಿಯಾದ ಕಣ್ಣಿನ ಮೇಲೇ ಇತ್ತು. ಲೆನ್ಸ್ ಮಾತ್ರ ಕಣ್ಣಿನಲ್ಲಿರಲಿಲ್ಲ. ತಾಯಿ ಸೆರಗಿನ ಗಂಟು ಬಿಚ್ಚಿ ಲೆನ್ಸಿನ ಡಬ್ಬಿ ತೆಗೆದರು.

"ಬಸ್ಸಿನ್ಯಾಗ ಕಳೀತದಂತ ಇದರಾಗ ಇಟ್ಟೀನ್ರಿ. ಮನ್ಯಾಗೂ ಇಲ್ಲೇ ಇರ್ತದ."

ನನಗೆ ರೇಗಿತು. "ಮಗು ಎಚ್ಚರ ಇರೋಷ್ಟು ಹೊತ್ತೂ ಇದು ಕಣ್ಣಲ್ಲೇ ಇರ್ಬೇಕು. ಯಾರು ಹೇಳಿದ್ರೂ ತೆಗೀಬೇಡಿ. ತಿಳೀತಾ?"

ತಿಳಿಯಿತು ಎಂದರು. ಇವತ್ತಾದರೂ ಒಂದು ಮಾತು ತಲೆಗೆ ಹೋಯಿತಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

೩. ಅಳತೆ

ಈ ಆಪರೇಷನ್ ಆದ ಮಕ್ಕಳಲ್ಲಿ ಕಣ್ಣಿನ ಮುಂದಿರುವ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ದಪ್ಪವಾಗುವುದುಂಟು. ಅದಕ್ಕೇ ಆಗಾಗ ಅಳೆಯುತ್ತಿದ್ದೆವು. ಮುಂದಿನ ಸಲ ಬಂದಾಗ ತಾಯಿ ಮಗುವಿನ ತಲೆ ಹಿಡಿದರು, ನರ್ಸ್ ಕೈಕಾಲು ಹಿಡಿದರು. ನಾನು ಮರಗಟ್ಟಿಸುವ ಹನಿ ಹಾಕಿ ಯಂತ್ರದ ಕಡ್ಡಿ ಮುಟ್ಟಿಸಿದೆ. ಅಳತೆ ಹೋದ ಸಲಕ್ಕಿಂತ ಎಲ್ಲೋ ಮೇಲೆ ಹೋಯಿತು. ಯಂತ್ರ ಕೆಟ್ಟಿರಬೇಕೆಂದು ನನ್ನ ಕಣ್ಣಿಗೂ ಹನಿ ಹಾಕಿಕೊಂಡು ಅಳೆದೆ. ನನ್ನದು ಸರಿಯಾಗೇ ಇತ್ತು.

ಡಾಕ್ಟರಮ್ಮ ಬಂದರು. ಮಗು ಕಣ್ಣು ಬಿಗಿಹಿಡಿದು ಅಳುತ್ತಿದ್ದುದರಿಂದ ಟಾರ್ಚ್ ಬಿಟ್ಟರೂ ಏನೂ ಕಾಣಲಿಲ್ಲ. "ಕಾರ್ನಿಯಾ ಊದಿರ್ಬೇಕು. ಅಡ್ಮಿಟ್ ಮಾಡ್ಕೊಳ್ಳಿ, ಅನಸ್ತೇಶಿಯಾ ಕೊಟ್ಟು ನೋಡೋಣ. ಇನ್ನೊಂದು ಆಪರೇಷನ್ ಬೇಕಾದ್ರೂ ಬೇಕಾಗ್ಬಹುದು," ಎಂದರು.

ತಾಯಿ ಸ್ಟೂಲಿನ ಮೇಲೆ ಕುಸಿದು ಅತ್ತರು. ನಾನು ಕೊನೆಯದಾಗಿ ಒಮ್ಮೆ ಅಳೆಯೋಣವೆಂದು ಕಡ್ಡಿ ಎತ್ತಿದೆ.

ಅವರು ಮೂಗೊರೆಸಿಕೊಂಡು ಮೆಲ್ಲಗೆ ಕೇಳಿದರು: "ಸರ, ಲೆನ್ಸಿನ ಮ್ಯಾಲೇ ಅಳೀತೀರೇನ್ರಿ?"

ನಾನು ನರ್ಸ್ ಮುಖ ನೋಡಿದೆ, ನರ್ಸ್ ನನ್ನ ಮುಖ ನೋಡಿದರು. ಲೆನ್ಸ್ ಅವರು ತೆಗೆದಿದ್ದಾರೆಂದು ನಾನು, ನಾನು ತೆಗೆದಿದ್ದೇನೆಂದು ಅವರು ಅಂದುಕೊಂಡಿದ್ದೆವು.

"ಮೊದಲೇ ತೆಗೆಯೋದಲ್ವೇನಮ್ಮಾ?"

"ಯಾರು ಹೇಳಿದ್ರೂ ತೆಗೀಬ್ಯಾಡ ಅಂದಿದ್ರಲ್ರಿ," ಎಂದು ಒಂದೇ ಸಲಕ್ಕೆ ನಾಜೂಕಾಗಿ ಲೆನ್ಸ್ ತೆಗೆದರು. ಅಳತೆ ಹಳೆಯ ಜಾಗಕ್ಕೆ ಬಂತು. ಡಾಕ್ಟರಮ್ಮ ಅಡ್ಮಿಟ್ ಚೀಟಿ ಹರಿದರು. ನನಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು.

ಮುಂದಿನ ತಿಂಗಳು ಹೊರಗಿನ ಬೆಂಚಿನಲ್ಲಿ ಅವರು ಹೊಸಬಳೊಬ್ಬಳಿಗೆ ಬುದ್ಧಿ ಹೇಳುತ್ತಿದ್ದರು: "ಸರ ಭಾಳ ಛಲೋ ಇದ್ದಾರವ್ವ. ಯಾವ ಕಣ್ಣು, ಅದರಾಗ ಏನದ, ಅಷ್ಟು ಮಾತ್ರ ನೀನೇ ಹೇಳಿಕೊಡು."